ಪ್ರಾಕ್ತನಶೋಧಕ್ಕೆ ವಿದ್ಯಾರ್ಥಿವೇತನ: ಕಲ್ಯಾಣ ಸೀಮೆಯನ್ನು ಕುರಿತ ಒಂದು ವಿಮರ್ಶೆ

ಕಲ್ಯಾಣದ ಚಾಳುಕ್ಯರ ವಿಷಯವಾಗಿ ಈಗ ತಿಳಿದಿರತಕ್ಕ ಸಂಗತಿಗಳಲ್ಲಿ ಬಹುಭಾಗವು ಕಲ್ಯಾಣದ ಹೊರಗಿನಿಂದಲೇ ಬಂದುದಾಗಿದೆ. ಆರನೆಯ ವಿಕ್ರಮಾದಿತ್ಯನನ್ನು ಕುರಿತು ಕಾಶ್ಮೀರದ ಬಿಲ್ಹಣನು ರಚಿಸಿದ ಕಾವ್ಯದ ಹಸ್ತಪ್ರತಿಯು 1874ರಲ್ಲಿ ಬ್ಯೂಲರ್ ಪಂಡಿತರಿಗೆ ದೊರೆತುದು ಜೈಸಲ್ಮೇರಿನ ಜೈನ ಭಂಡಾರದಲ್ಲಿ. ಆ ವಂಶದ ಚರಿತ್ರೆಯನ್ನು ಫ್ಲೀಟರು 1882ರಲ್ಲಿ ಮೊದಲು ಅಡಕವಾಗಿ ಬರೆದುದು ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳನ್ನು ಕುರಿತ ಗ್ರಂಥದಲ್ಲಿ. ಬಸವಣ್ಣನವರ ಐತಿಹಾಸಿಕತೆಗೆ ಪ್ರಮಾಣವಾಗಿ ವಿದ್ವಾಂಸರು ಮತ್ತೆ ಮತ್ತೆ ಉದಾಹರಿಸುವ ಅರ್ಜುನವಾಡದ ಶಾಸನವು 1260ನೆಯ ಇಸವಿಯದು. ಅದು ನಿಂತಿರುವುದು ಬೆಳಗಾವಿ ಜಿಲ್ಲೆಯಲ್ಲಿ. ರಾಜಧಾನಿಯ ಸುದ್ದಿಯನ್ನು ಪರಸ್ಥಳದವರ ಬಾಯಿಂದ ಕೇಳಬೇಕಾಗಿರುವ ಈ ಸ್ಥಿತಿಗೆ ಕಲ್ಯಾಣದ ನೆಲವು ಬಂಜೆಯಾಗಿರುವುದು ಕಾರಣವಲ್ಲ. ಆ ನೆಲದಲ್ಲಿ ನಡೆದಾಡಿ ನೋಡುವವನಿಗೆ ಅನ್ನ ಕೊಡುವ ವ್ಯವಸ್ಥೆಯು ಎಲ್ಲಿ ಹೇಗೆ ಇದ್ದಿತು ಎಂಬುದರಲ್ಲಿಯೇ ಅದರ ಕಾರಣವನ್ನು ಹುಡುಕಬೇಕು.

ಮೈಸೂರಿನ ಮಾತನ್ನು ಮೊದಲು ತೆಗೆದುಕೊಳ್ಳಬಹುದು. ರೈಸರ ಎಪಿಗ್ರಾಫಿಯಾ ಕರ್ನಾಟಿಕಾ 1886ರಿಂದ ಮೊದಲುಗೊಂಡು ಸುಮಾರು 20 ವರ್ಷಗಳಲ್ಲಿ 12 ಸಂಪುಟಗಳಾಗಿ ಹೊರಬಿದ್ದಿತು. ರೈಸರ ತರುವಾಯ ಆ ಇಲಾಖೆಯ ಅಧಿಕಾರವನ್ನು ವಹಿಸಿದ ಆರ್. ನರಸಿಂಹಾಚಾರ್ಯರೇ ಕರ್ಣಾಟಕ ಕವಿಚರಿತೆಯ ಕರ್ತೃಗಳೂ ಆಗಿದ್ದರು. ಕವಿಯ ಕಾಲವೂ ಕಲ್ಲಿನ ಕಾಲವೂ ಒಂದೇ ಮೇಜಿನ ಮೇಲೆ ಕೂಡಿಬಂದುವು. ಆಮೇಲೆ ಬಂದ ಎಂ. ಎಚ್. ಕೃಷ್ಣರು ಲಂಡನ್ನಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಹಿಂತಿರುಗಿದವರು. ಮಹಾರಾಜಾ ಕಾಲೇಜಿನ ಚರಿತ್ರೆಯ ಅಧ್ಯಾಪಕತ್ವವೂ ಇಲಾಖೆಯ ನಿರ್ದೇಶಕತ್ವವೂ ಅವರಲ್ಲಿ ಕೂಡಿದ್ದುವು. 1929ರ ಚಂದ್ರವಳ್ಳಿಯ ಅಗೆತವನ್ನೂ 1936ರಲ್ಲಿ ಬೆಳಕಿಗೆ ಬಂದ ಹಲ್ಮಿಡಿ ಶಾಸನವನ್ನೂ ನೆನೆದರೆ, ಪಾಠಶಾಲೆಯೂ ಕ್ಷೇತ್ರಕಾರ್ಯವೂ ಒಬ್ಬನ ಕೈಯಲ್ಲಿದ್ದಾಗ ಏನು ಫಲಿಸುವುದೆಂಬುದು ವಿಶದವಾಗುವುದು.

ಹೈದರಾಬಾದು ಸಂಸ್ಥಾನದ ಸ್ಥಿತಿಯು ಬೇರೆ. ಅಲ್ಲಿ 1914ರಲ್ಲಿ ಇಲಾಖೆಯು ಹುಟ್ಟಿತು. ಗುಲಾಂ ಯಾಜ್ದಾನಿಯವರು ಅದರ ಮೊದಲ ನಿರ್ದೇಶಕರು. ಇವರನ್ನು ಹಳಿಯುವುದು ಅನ್ಯಾಯವಾದೀತು. ಮಸ್ಕಿಯ ಅಶೋಕ ಶಾಸನವು 1915ರಲ್ಲಿ ಕಂಡ ಕೂಡಲೇ ಅಚ್ಚಾಯಿತು. ನಾಗಾಯಿಯ ಶಾಸನಗಳು 1928ರಲ್ಲಿ, ಕೊಪ್ಪಳದವು 1935ರಲ್ಲಿ ಪ್ರಕಟವಾದುವು. ಯಾಜ್ದಾನಿಯವರೇ 1947ರಲ್ಲಿ ಹೊರತಂದ ಬೀದರಿನ ಮೇಲಣ ಗ್ರಂಥವು ಕೋಟೆ, ಮದರಸೆ, ಗೋರಿಗಳ ವರ್ಣನೆಯಲ್ಲಿ ಇಂದಿಗೂ ಮೀರಲಾಗದ ಪುಸ್ತಕ. ಆದರೂ ಇಲಾಖೆಯ ಹಣವು ನಿಂತಿರುವ ಕಟ್ಟಡದ ಕಡೆಗೆ ಹರಿಯುವುದು ಸಹಜವಾದುದು, ಏಕೆಂದರೆ ಸುಣ್ಣಗಾರೆಗೆ ಲೆಕ್ಕ ತೋರಿಸಬಹುದು. ಬಿದ್ದ ಕಲ್ಲನ್ನು ಹುಡುಕಿಕೊಂಡು ಊರೂರು ತಿರುಗುವವನ ಕಾಲ್ನಡಿಗೆಗೆ ಲೆಕ್ಕ ತೋರಿಸುವುದು ಕಷ್ಟ. ಆ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿಯವರು ಸಂಪಾದಿಸಿದ ಸಂಪುಟವು 1958ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಸಂಸ್ಥಾನವೇ ಇರಲಿಲ್ಲ. ಬೀದರ ಜಿಲ್ಲೆಯು 1956ರಲ್ಲಿಯೇ ಮೈಸೂರು ರಾಜ್ಯಕ್ಕೆ ಸೇರಿಹೋಗಿತ್ತು. ಕನ್ನಡ ನಾಡಿನ ಈ ಶಾಸನಗಳನ್ನು ಅಚ್ಚುಹಾಕಿಸಿದುದು ಆಂಧ್ರಪ್ರದೇಶದ ಸರಕಾರ!

ಈ ವಿಳಂಬದ ಪರಿಣಾಮವು ಸಾಹಿತ್ಯದ ಅಧ್ಯಾಪಕನಿಗೂ ತಟ್ಟಿದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಡಾಕ್ಟರ್ ಪದವಿಗಾಗಿ ಬರೆದ ಪ್ರಬಂಧ, 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅದನ್ನು ಪ್ರಕಟಿಸಿತು. ವೀರಗಲ್ಲು, ಸತಿ, ಸಲ್ಲೇಖನ, ಅಗ್ರಹಾರ, ಜನಸಾಮಾನ್ಯರ ಬಾಳು ಇವುಗಳನ್ನು ಶಾಸನದ ಮಾತಿನಿಂದಲೇ ಎತ್ತಿ ತೋರಿಸಿದ ಅಂಥ ಗ್ರಂಥವು ಕನ್ನಡದಲ್ಲಿ ಅದಕ್ಕೆ ಹಿಂದೆ ಇರಲಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಈ ಬಗೆಯ ಕೃತಿಯು ನಿಂತಿರುವುದು ಮುದ್ರಿತ ಸಂಪುಟಗಳ ಮೇಲೆ. ಯಾವ ಸೀಮೆಯ ಕಲ್ಲುಗಳು ಮೊದಲು ಅಚ್ಚಾದುವೋ ಆ ಸೀಮೆಯ ಬಾಳು ಅದರಲ್ಲಿ ದಟ್ಟವಾಗಿಯೂ, ಯಾವುವು ತಡವಾದುವೋ ಆ ಸೀಮೆಯದು ತೆಳುವಾಗಿಯೂ ಕಾಣುವುದು ಅನಿವಾರ್ಯ. ಇನ್ನು, ಆ ಅಧ್ಯಯನದ ಅವಧಿಯು ಕ್ರಿ. ಶ. 450ರಿಂದ 1150ರವರೆಗಿನದು. ಬಿಜ್ಜಳನ ಕಲ್ಯಾಣವು ಬಾಗಿಲು ತೆರೆಯುವ ಹೊತ್ತಿಗೆ ಪುಸ್ತಕವು ಮುಗಿಯುವುದು. ಎಲ್ಲಿಯಾದರೂ ಗೆರೆಯನ್ನು ಎಳೆಯಲೇಬೇಕಾದುದರಿಂದ ಇದು ದೋಷವಲ್ಲ; ಆದರೆ ಆ ಗೆರೆಯಿಂದ ಮುಂದಕ್ಕೆ ಅದೇ ಹದದಲ್ಲಿ ಕಲ್ಯಾಣ ಸೀಮೆಯನ್ನು ಕೈಗೆತ್ತಿಕೊಳ್ಳುವವನು ಅಚ್ಚಾದ ಸಂಪುಟವನ್ನೇ ನೆಚ್ಚಿ ಕುಳಿತರೆ ಸಾಲದು.

ನೆಲದ ಮೇಲೆ ನಡೆದು ಬರೆದ ಪ್ರಬಂಧಗಳ ಪರಂಪರೆಯೊಂದು ಉಂಟು; ಅದು ಕನ್ನಡನಾಡನ್ನು ಕುರಿತದ್ದಾದರೂ ಬೆಳೆದುದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ. 1939ರಲ್ಲಿ ಪುನಃಸ್ಥಾಪಿತವಾದ ಆ ಸಂಸ್ಥೆಯಲ್ಲಿ ಎಚ್. ಡಿ. ಸಾಂಕಾಲಿಯಾ ಅವರು ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ನದೀಕಣಿವೆಯನ್ನು ಒಪ್ಪಿಸುವ ಪದ್ಧತಿಯನ್ನು ನೆಲೆಗೊಳಿಸಿದರು. ಆರ್. ವಿ. ಜೋಶಿಯವರು ಮಲಪ್ರಭೆಯನ್ನು, ಎಂ. ಎಸ್. ನಾಗರಾಜರಾಯರು ತುಂಗಭದ್ರೆಯನ್ನು, ಆರ್. ಎಸ್. ಪಪ್ಪು ಅವರು ಮೇಲ್ ಕೃಷ್ಣೆಯನ್ನು, ಕೆ. ಪದ್ದಯ್ಯನವರು ಶೋರಾಪುರದ ದೋಆಬನ್ನು ವಹಿಸಿಕೊಂಡರು. ಕಲ್ಯಾಣಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಈ ಕೊನೆಯದು. ಪದ್ದಯ್ಯನವರ ಪ್ರಬಂಧವು ನವಶಿಲಾಯುಗದ ನೆಲೆಗಳನ್ನು ಕುರಿತದ್ದಾಗಿ 1973ರಲ್ಲಿ ಲೈಡನ್ನಿನಿಂದ ಪ್ರಕಟವಾಯಿತು. ಪದವಿ ಬಂದ ಮೇಲೆ ಅವರು ಊರನ್ನು ಬಿಡಲಿಲ್ಲವೆಂಬುದೇ ವಿಶೇಷ. ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ತಿರುಗಿ, 1997ರಿಂದ 2001ರವರೆಗೆ ಇಸಾಂಪುರದಲ್ಲಿ ಅಗೆದು, ಆದಿಮಾನವನು ಸುಣ್ಣಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ತಾಣವನ್ನು ತೋರಿಸಿಕೊಟ್ಟರು. ವಿದ್ಯಾರ್ಥಿದೆಸೆಯಲ್ಲಿ ಒಂದು ಸೀಮೆಯ ಹಳ್ಳಕೊಳ್ಳಗಳ ಪರಿಚಯಕ್ಕೆಂದು ಮಾಡಿದ ವೆಚ್ಚವು ಎಷ್ಟು ವರ್ಷಗಳ ಮೇಲೆ ಮೊಳೆತು ಬಂದಿತೆಂಬುದನ್ನು ವೇತನದ ಸಮಿತಿಗಳು ಲೆಕ್ಕಕ್ಕೆ ತರುವುದು ಅಪರೂಪ. ಅದೇ ರೀತಿ ಲಂಡನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಆಲ್ಚಿನರು ರಾಯಚೂರು ಜಿಲ್ಲೆಯನ್ನು ವಿಷಯವಾಗಿ ಆರಿಸಿಕೊಂಡು 1952ರಲ್ಲಿ ಪಿಕ್ಲಿಹಾಳದಲ್ಲಿ ಅಗೆದರು.

ಮೇಲೆ ಹೇಳಿದ ಕಣಿವೆಗಳಲ್ಲಿ ಮಾಂಜರಾ ಇಲ್ಲ, ಕಾರಂಜಾ ಇಲ್ಲ. ಕಲಬುರಗಿಯ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದೇ 1980ರಲ್ಲಿ. ಕಲ್ಯಾಣದ ಚಾಳುಕ್ಯ, ಕಳಚುರಿಗಳ ಮೇಲೆ ಬಿ. ಆರ್. ಗೋಪಾಲರ ಪ್ರಮಾಣಗ್ರಂಥವನ್ನು 1981ರಲ್ಲಿ ಪ್ರಕಟಿಸಿದುದು ಧಾರವಾಡ.

ಹಾಗಾದರೆ ಈಗ ವೇತನವಿಲ್ಲವೆ? ಇದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಿರಿಯ ಸಂಶೋಧಕನಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯನಾದ ಮೇಲೆ 42,000 ರೂಪಾಯಿ ಸಲ್ಲುವುದು. ಹೊಟ್ಟೆಯ ಚಿಂತೆಯನ್ನು ನೀಗಲು ಇದು ಸಾಕು. ಹಿಂದಿನ ತಲೆಮಾರಿನವರು ಕೇಳಿದರೆ ಬೆರಗಾದಾರು. ಕೊರತೆಯಿರುವುದು ವೇತನದ ಮೊತ್ತದಲ್ಲಿ ಅಲ್ಲ, ಅದರ ರೂಪದಲ್ಲಿ. ಮಾನವಿಕ ವಿಷಯಗಳಿಗೆ ಸಾದಿಲ್ವಾರು ವೆಚ್ಚವೆಂದು ಗೊತ್ತುಮಾಡಿರುವುದು ಮೊದಲ ಎರಡು ವರ್ಷ ವರುಷಕ್ಕೆ 10,000 ರೂಪಾಯಿ. ಗ್ರಂಥಾಲಯದಲ್ಲಿ ಕುಳಿತು ಬರೆಯುವವನಿಗೂ ಊರೂರು ತಿರುಗುವವನಿಗೂ ಇದೇ ಅಳತೆ. ಶಾಸನದ ಅಚ್ಚುಪ್ರತಿಯನ್ನು ತೆಗೆಯುವ ಕೆಲಸವನ್ನೇ ನೋಡಬಹುದು. ಹೂತ ಕಲ್ಲಾದರೆ ಮಣ್ಣು ಬಿಡಿಸಬೇಕು. ಪೂಜೆಗೊಳ್ಳುವ ಕಲ್ಲಾದರೆ ಎಣ್ಣೆಯನ್ನೂ ಸುಣ್ಣವನ್ನೂ ತೊಳೆಯುವುದಕ್ಕೆ ಊರವರ ಒಪ್ಪಿಗೆ ಬೇಕು. ಒದ್ದೆಯ ಕಾಗದವನ್ನು ಹಾಸಿ, ಕುಂಚದಿಂದ ಅಕ್ಷರದ ಕುಳಿಗೆ ಬಡಿದು, ಮಸಿಯ ಗಿಂಡಿಯನ್ನು ಹದವರಿತು ಒತ್ತಬೇಕು. ಗಾಳಿಯ ದಿನ ಇದು ಒಬ್ಬನಿಂದ ಆಗತಕ್ಕುದಲ್ಲ. ಜೊತೆಯಾಳಿಗೆ ಕೂಲಿ, ಹೋಗಿಬರುವ ಖರ್ಚು, ರಾತ್ರಿ ತಂಗುವುದು, ಇವೆಲ್ಲ ಆ 10,000ದೊಳಗೆ ಅಡಗಬೇಕು.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗುರುತರವಾದುದು. ವೇತನಕ್ಕೆ ಅರ್ಹನಾರೆಂಬುದನ್ನು ನಿರ್ಣಯಿಸುವ ಪರೀಕ್ಷೆಯು ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತು ಹಾಕುವ ಬಗೆಯದು. ಹರಪ್ಪದ ಮುದ್ರೆಯಿಂದ ಮೊದಲುಗೊಂಡು ಎಲ್ಲವನ್ನೂ ಬಲ್ಲೆನೆಂದು ತೋರಿಸಿ ಗೆದ್ದವನು ಹನ್ನೆರಡನೆಯ ಶತಮಾನದ ಕನ್ನಡ ಲಿಪಿಯ ಒಂದು ಸಾಲನ್ನೂ ಓದಲಾರದೆ ಇರಬಹುದು. ಓದಬಲ್ಲವನು, ಹಳಗನ್ನಡದಲ್ಲಿ ಪಳಗಿದ ಸಾಹಿತ್ಯದ ವಿದ್ಯಾರ್ಥಿಯು, ಆ ಪರೀಕ್ಷೆಯ ಹೊರಗೇ ಉಳಿಯಬಹುದು. ನರಸಿಂಹಾಚಾರ್ಯರ ಮೇಜಿನ ಮೇಲೆ ಒಂದಾಗಿದ್ದ ಎರಡು ವಿದ್ಯೆಗಳನ್ನು ಈಗಿನ ವಿಭಾಗಕ್ರಮವು ಎರಡು ಕೋಣೆಗಳಲ್ಲಿಟ್ಟು ನಡುವಣ ಬಾಗಿಲನ್ನು ಮುಚ್ಚಿದೆ.

ಈ ಬಾಗಿಲು ಮುಚ್ಚಿದರೆ ಏನು ತಪ್ಪಿಹೋಗುವುದೆಂಬುದಕ್ಕೆ ಜಲಸಂಗಿಯ ದೇವಾಲಯವು ಸಾಕ್ಷಿ. ಹುಮನಾಬಾದಿನ ಸಮೀಪದ ಈ ಚಾಳುಕ್ಯ ಗುಡಿಯ ಗೋಡೆಯಲ್ಲಿ ಬೆನ್ನುತಿರುಗಿಸಿ ನಿಂತ ಶಿಲಾಬಾಲಿಕೆಯೊಬ್ಬಳು ಶಾಸನವನ್ನು ಬರೆಯುತ್ತಿರುವಳು. ಅವಳು ಬರೆದ ಸಂಸ್ಕೃತ ಪದ್ಯವು ವಿಕ್ರಮಾದಿತ್ಯನ ಕೀರ್ತಿಯನ್ನು ಹೇಳುವುದು. ಶಿಲ್ಪಶಾಸ್ತ್ರದವನಿಗೆ ಅವಳು ಒಂದು ಭಂಗಿ. ಲಿಪಿಜ್ಞನಿಗೆ ಒಂದು ಬರಹ. ಸಾಹಿತ್ಯದವನಿಗೆ ಬರೆಯುವ ಹೆಣ್ಣಿನ ಪ್ರತಿಮೆ. ಅಕ್ಕಮಹಾದೇವಿಯ ವಚನಗಳನ್ನು ಪಾಠ ಹೇಳುವ ಅಧ್ಯಾಪಕರು ಆ ನಾಡಿನಲ್ಲಿ ಅದಕ್ಕೆ ಕೆಲವೇ ದಶಕಗಳ ಹಿಂದೆ ಲೇಖನಿ ಹಿಡಿದ ಹೆಣ್ಣನ್ನು ಶಿಲ್ಪಿಯು ಕಲ್ಪಿಸಬಲ್ಲವನಾಗಿದ್ದನೆಂಬುದನ್ನು ತರಗತಿಯಲ್ಲಿ ಎತ್ತಿ ಹೇಳುವುದು ವಿರಳ. ಮೂವರ ನೋಟವೂ ಒಬ್ಬನಲ್ಲಿ ಕೂಡದ ಹೊರತು ಅವಳ ಚರಿತ್ರೆಯು ಪೂರ್ತಿಯಾಗದು.

ಆದಕಾರಣ ವೇತನದ ವಿಷಯವನ್ನು ನಿಶ್ಚಯಿಸುವಾಗ ವಂಶವನ್ನೋ ರಾಜನನ್ನೋ ಹೆಸರಿಸುವುದಕ್ಕಿಂತ ಹೋಬಳಿಯನ್ನು ಹೆಸರಿಸುವುದು ಲೇಸು. ನಿರ್ಣಾದಂಥ ಊರನ್ನು ನಡುವೆ ಇಟ್ಟುಕೊಂಡು ಸುತ್ತಣ ಹಳ್ಳಿಗಳ ಗುಡಿ, ಕೆರೆಯ ಏರಿ, ಹಾಳು ಹನುಮಂತನ ಕಟ್ಟೆ, ದರ್ಗಾದ ಮೆಟ್ಟಿಲು, ಹೊಲದ ಬದು ಇವನ್ನು ಒಬ್ಬ ವಿದ್ಯಾರ್ಥಿಯು ಎರಡು ಬೇಸಗೆಗಳಲ್ಲಿ ನಡೆದು ಪಟ್ಟಿಮಾಡಬಹುದು. ಅಗೆಯುವುದಕ್ಕೆ 1958ರ ಕಾನೂನಿನ ಮೇರೆಗೆ ಅನುಮತಿ ಬೇಕು. ನೋಡಿ, ಅಳೆದು, ಚಿತ್ರ ತೆಗೆದು, ಊರವರನ್ನು ವಿಚಾರಿಸಿ ಬರೆದುಕೊಳ್ಳುವುದಕ್ಕೆ ಸಂಯಮವೊಂದಿದ್ದರೆ ಸಾಕು. ಬೀದರಿನ ಮುರಕಲ್ಲಿನ ಪ್ರಸ್ಥಭೂಮಿಯಲ್ಲಿ ಅಕ್ಷರ ಕೆತ್ತಲು ತಕ್ಕ ಕಲ್ಲನ್ನು ಎಲ್ಲಿಂದ ತಂದರೆಂಬ ಪ್ರಶ್ನೆಯೊಂದೇ ಒಂದು ಪ್ರಬಂಧಕ್ಕೆ ಯೋಗ್ಯ. ಅಲ್ಲಿಯ ಹಿರಿಯರ ಮಾತಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗುಗಳು ಕಲೆತಿರುವುದರಿಂದ ಸ್ಥಳನಾಮಗಳನ್ನು ಬಿಡಿಸಲು ಆ ಸೀಮೆಯಲ್ಲಿಯೇ ಹುಟ್ಟಿದ ವಿದ್ಯಾರ್ಥಿಗೆ ಇರುವ ಸೌಕರ್ಯವು ಪುಣೆಯವನಿಗಾಗಲಿ ಲಂಡನ್ನಿನವನಿಗಾಗಲಿ ಇರಲಾರದು.

ಪ್ರಕಟನೆಯ ಮಾತು ಒಂದು ಉಳಿಯಿತು. ಪ್ರಬಂಧವು ಒಪ್ಪಿತವಾದೊಡನೆ ಅದರ ಜೊತೆಯ ಅಚ್ಚುಪ್ರತಿಗಳೂ ಕ್ಷೇತ್ರದ ಟಿಪ್ಪಣಿಗಳೂ ವಿದ್ಯಾರ್ಥಿಯ ಪೆಟ್ಟಿಗೆಯಲ್ಲಿ ಕೊಳೆಯುವ ರೂಢಿಯುಂಟು. ವೇತನದ ಕೊನೆಯ ಕಂತನ್ನು ಕೊಡುವ ಮುಂಚೆ ಇವುಗಳ ಒಂದು ಪ್ರತಿಯನ್ನು ವಿಶ್ವವಿದ್ಯಾನಿಲಯದ ಭಂಡಾರದಲ್ಲಿಯೂ ಇನ್ನೊಂದನ್ನು ಬಸವಕಲ್ಯಾಣದ ಕೋಟೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿಯೂ ಇಡತಕ್ಕುದೆಂದು ಕಟ್ಟು ಮಾಡುವುದು ಕಷ್ಟವಲ್ಲ. ಅದಕ್ಕೆ ಹೆಚ್ಚಿನ ಹಣವೂ ಬೇಕಾಗಿಲ್ಲ.