ಕರುಳಿನೊಳಗೊಂದು ಕಾವಲು

ಮಳೆ ಬಿಟ್ಟ ಮೇಲೆ ಕರಾವಳಿಯ ಬೀಜಾಡಿಯ ತೆಂಗಿನ ಬುಡದ ತಂಪು ಹೊಯ್ಗೆಯಲ್ಲಿ ಬರಿಗಾಲಲ್ಲಿ ನಡೆಯುವ ಸುಖವೇ ಬೇರೆ. ಆದರೆ ಬಯಲುಶೌಚದಿಂದ ಕೆಟ್ಟ ಇಂಥ ಒದ್ದೆ ನೆರಳಿನ ನೆಲವೇ ಕೊಕ್ಕೆಹುಳದ ಮರಿಗಳಿಗೂ ಹಿತ. ಅವು ಅಂಗಾಲಿನ ಚರ್ಮ ತೂರಿ, ರಕ್ತದೊಡನೆ ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ನುಂಗಿದಾಗ ಕರುಳಿಗೆ ಇಳಿಯುತ್ತವೆ.

ಕರುಳಿನ ಒಳಪದರದಲ್ಲಿ ತಲೆಯ ಮೇಲೆ ಕುಂಚದಂಥ ಜುಟ್ಟಿರುವ ಟಫ್ಟ್ ಕೋಶಗಳಿವೆ. ಎಣಿಕೆಗೆ ತೀರ ಕಡಿಮೆ. ಅವುಗಳ ಕೆಲಸವೇನೆಂಬುದು ದಶಕಗಳ ಕಾಲ ಒಗಟಾಗಿಯೇ ಇತ್ತು. 2016ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನಗಳು ಗುಟ್ಟು ಬಿಡಿಸಿದವು: ಹುಳು ಬಂದ ಸುಳಿವು ಹಿಡಿದು ಇವು ಐಎಲ್-25 ಎಂಬ ಕರೆ ಕಳಿಸುತ್ತವೆ. ಪಕ್ಕದ ಐಎಲ್‌ಸಿ2 ಎಂಬ ರೋಗನಿರೋಧಕ ಕೋಶಗಳು ಅದಕ್ಕೆ ಓಗೊಟ್ಟು ಐಎಲ್-13 ಎಂಬ ಮರುಸಂಕೇತ ಸುರಿಸುತ್ತವೆ. ಆಗ ಲೋಳೆ ಉಕ್ಕುತ್ತದೆ, ಕರುಳು ಬಲವಾಗಿ ಹಿಂಡುತ್ತದೆ, ಟಫ್ಟ್ ಕೋಶಗಳೇ ಹಲವು ಪಟ್ಟು ಹೆಚ್ಚುತ್ತವೆ. ವೈರಾಣುವನ್ನು ನುಂಗಿದಂತೆ ಸೆಂಟಿಮೀಟರ್ ಉದ್ದದ ಹುಳುವನ್ನು ಯಾವ ಕೋಶ ನುಂಗೀತು? ಅದಕ್ಕೇ ಕರುಳಿಗೆ ಕೊಲ್ಲುವ ಹಟವಿಲ್ಲ. ನೀರು ಹೊಯ್ದು ಅಂಗಳ ಗುಡಿಸಿದಂತೆ ಹೊರಗೆ ನೂಕುವುದು. ನನಗೆ ದೇಹದ ಕಸುಬುಗಳಲ್ಲೆಲ್ಲ ಇದೇ ಅತ್ಯಂತ ಚೆಂದದ್ದು.

ಆದರೂ ಮನುಷ್ಯನ ಕೊಕ್ಕೆಹುಳ ಗಟ್ಟಿ ಎದುರಾಳಿ. ಈ ಕಾವಲನ್ನು ಮಂಕುಗೊಳಿಸಿ ವರ್ಷಗಟ್ಟಲೆ ರಕ್ತ ಹೀರುತ್ತ, ಮಕ್ಕಳನ್ನು ರಕ್ತಹೀನರನ್ನಾಗಿಸುತ್ತದೆ. ಆದ್ದರಿಂದ ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ತೋಟಕ್ಕಿಳಿಯುವಾಗ ಕಾಲಿಗೆ ಚಪ್ಪಲಿ ಇರಲಿ.