ಮಿಸ್ಸು, ಮಿಸೆಸ್ಸು ಮತ್ತು ಮೇಷ್ಟ್ರು

ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮುಗಿದು ಹೋಗುವ ಮಾತು ‘ಮಿಸ್’. ಆದರೆ ಅದು ಹೊತ್ತಿರುವ ಅರ್ಥಗಳನ್ನು ಒಂದೊಂದಾಗಿ ಇಳಿಸುತ್ತಾ ಹೋದರೆ ಒಂದು ಗಾಡಿ ಕಬ್ಬಿನಷ್ಟಾದೀತು. ಬಸ್ಸು ಮಿಸ್ಸಾಗುತ್ತದೆ. ಮೊಬೈಲಿಗೆ ಮಿಸ್ಡ್ ಕಾಲ್ ಬರುತ್ತದೆ. ದೂರದ ಊರಿನಲ್ಲಿ ಓದುತ್ತಿರುವ ಮಗಳು ‘ಮಿಸ್ ಯೂ ಅಮ್ಮಾ’ ಎನ್ನುತ್ತಾಳೆ. ಕಿರೀಟ ತೊಟ್ಟ ಚೆಲುವೆ ಮಿಸ್ ವರ್ಲ್ಡ್ ಆಗುತ್ತಾಳೆ. ಮದುವೆಯಾಗದ ಹೆಣ್ಣು ಅರ್ಜಿಯಲ್ಲಿ ಮಿಸ್ ಆಗುತ್ತಾಳೆ. ಇನ್ನು ಸೆರಗಿಗೆ ಸೀಮೆಸುಣ್ಣದ ಪುಡಿ ಅಂಟಿಸಿಕೊಂಡು ಓಡಾಡುವ ನನ್ನಂಥವರೂ ಮಿಸ್ಸೇ!

ನಮ್ಮ ಕೊತ್ತತ್ತಿಯ ಕಡೆ ತಡವಾಗಿ ಬಂದ ಹುಡುಗ ತರಗತಿಯ ಬಾಗಿಲಲ್ಲಿ ನಿಂತು, “ಮಿಸ್, ಬಸ್ ಮಿಸ್ಸಾಗೋಯ್ತು ಮಿಸ್” ಎನ್ನುತ್ತಾನೆ. ಒಂದೇ ಉಸಿರಿನಲ್ಲಿ ಮೂರು ಮಿಸ್ಸು. ಇವುಗಳಲ್ಲಿ ನಡುವಿನದಕ್ಕೂ ಅಕ್ಕಪಕ್ಕದವಕ್ಕೂ ರಕ್ತಸಂಬಂಧವೇ ಇಲ್ಲ. ಬಸ್ಸು ತಪ್ಪಿಸುವ ‘ಮಿಸ್’ ಇಂಗ್ಲಿಷಿನ ಹಳೆಯ ಮನೆಮಾತು. ಗುರಿ ತಪ್ಪುವುದು, ಕೈಗೆ ಸಿಗದೆ ಹೋಗುವುದು ಅದರ ಅರ್ಥ. ನಮ್ಮನ್ನು ಕರೆಯುವ ‘ಮಿಸ್’ ಬೇರೆ ಮನೆತನದ್ದು. ಅದು ‘ಮಿಸ್ಟ್ರೆಸ್’ ಎಂಬ ಮಾತಿನ ಮೋಟು ರೂಪ.

ಆ ಮನೆತನ ಬಹಳ ದೊಡ್ಡದು. ಲ್ಯಾಟಿನ್ನಿನಲ್ಲಿ ‘ಮ್ಯಾಜಿಸ್ಟರ್’ ಎಂದರೆ ಹೆಚ್ಚಿನವನು, ಮೇಲಿನವನು, ಕಲಿಸುವವನು. ಇಂಗ್ಲಿಷಿನ ಮಾಸ್ಟರ್ ಹುಟ್ಟಿದ್ದು ಅದರಿಂದ. ಹೆಸರಿನ ಮುಂದೆ ಕೂರುವ ಮಿಸ್ಟರ್, ನ್ಯಾಯ ಹೇಳುವ ಮ್ಯಾಜಿಸ್ಟ್ರೇಟ್, ನಮ್ಮ ಮೇಷ್ಟ್ರು ಎಲ್ಲರೂ ದಾಯಾದಿಗಳು. ಪೋರ್ಚುಗೀಸರ ಬಾಯಿಂದ ಬಂದ ಗಾರೆ ಕೆಲಸದ ಮೇಸ್ತ್ರಿಯೂ ಇದೇ ಮನೆಯವನು. ಇದಕ್ಕೆ ಎದುರಾಗಿ ಲ್ಯಾಟಿನ್ನಿನಲ್ಲಿ ‘ಮಿನಿಸ್ಟರ್’ ಎಂದರೆ ಕಡಿಮೆಯವನು, ಸೇವಕ. ಮೇಷ್ಟ್ರು ಹೆಚ್ಚು, ಮಿನಿಸ್ಟ್ರು ಕಡಿಮೆ! ಮಂಡ್ಯ ಜಿಲ್ಲೆಯಲ್ಲಿ ನಿಂತು ಈ ಮಾತು ಹೇಳಿದರೆ ನಂಬುವವರು ಯಾರು?

ಈ ಮನೆಯಲ್ಲಿ ಗಂಡುಮಕ್ಕಳು ಎಲ್ಲಿ ಹೋದರೂ ಕೆಡಲಿಲ್ಲ. ಪೋಸ್ಟ್ ಮಾಸ್ಟರ್, ಸ್ಟೇಷನ್ ಮಾಸ್ಟರ್, ಡ್ಯಾನ್ಸ್ ಮಾಸ್ಟರ್, ರವಿಕೆ ಹೊಲಿಯುವ ಟೈಲರ್ ಮಾಸ್ಟರ್ ಎಲ್ಲರಿಗೂ ಮರ್ಯಾದೆಯೇ. ಹೆಣ್ಣುಮಗಳ ಗತಿ ನೋಡಿ. ಮಿಸ್ಟ್ರೆಸ್ ಎಂದರೆ ಮೊದಲು ಮನೆಯ ಒಡತಿ, ಕಲಿಸುವವಳು. ಬರಬರುತ್ತಾ ಅದಕ್ಕೆ ‘ಇಟ್ಟುಕೊಂಡವಳು’ ಎಂಬ ಅರ್ಥವೂ ಅಂಟಿತು. ಈಗ ಹೆಡ್‌ಮಿಸ್ಟ್ರೆಸ್ ಎಂಬ ಹಲಗೆಯಲ್ಲಿ ಗೌರವ, ಪತ್ರಿಕೆಯ ಗಾಳಿಸುದ್ದಿಯಲ್ಲಿ ಅಪಮಾನ. ಮಾತು ಒಂದೇ.

ಮಿಸ್ ಮತ್ತು ಮಿಸೆಸ್ ಎರಡೂ ಈ ಮಿಸ್ಟ್ರೆಸ್ಸಿನ ತುಂಡುಗಳೇ. ಹಿಂದೆ ಮಿಸೆಸ್ ಎಂದರೆ ಮದುವೆಯಾದವಳು ಎಂದೇನೂ ಇರಲಿಲ್ಲ. ಅಂತಸ್ತಿನ ಹೆಂಗಸು, ಮನೆವಾರ್ತೆ ನಡೆಸುವ ಹೆಂಗಸು ಎಂದಿತ್ತು. ಮದುವೆಯಾಗದ ಒಡತಿಯೂ ಮಿಸೆಸ್ ಆಗಬಹುದಿತ್ತು. ಆಮೇಲೆ ಆ ಮಾತಿಗೆ ತಾಳಿ ಬಿಗಿದರು. ಮಿಸ್ಟರಿಗೆ ಮಾತ್ರ ಅಂಥ ಗುರುತು ಬೇಕಾಗಲಿಲ್ಲ. ಅವನಿಗೆ ಮದುವೆ ಆಗಿದೆಯೋ ಇಲ್ಲವೋ ಎಂದು ಹೆಸರು ಕೇಳಿದವರಿಗೆ ತಿಳಿಯಬೇಕಾಗಿಲ್ಲವಲ್ಲ!

ಹಾಗಾದರೆ ಕಲಿಸುವ ಹೆಂಗಸು ‘ಮಿಸ್’ ಆದದ್ದು ಹೇಗೆ? ಇದರ ಹಿಂದೆ ನಗುವಂಥದ್ದಲ್ಲದ ಒಂದು ಕತೆಯಿದೆ. ಇಂಗ್ಲೆಂಡಿನ ಎಷ್ಟೋ ಶಾಲೆಗಳಲ್ಲಿ ಶಿಕ್ಷಕಿ ಮದುವೆಯಾದರೆ ಕೆಲಸ ಬಿಡಬೇಕಾಗಿತ್ತು. 1944ರ ಶಿಕ್ಷಣ ಕಾಯಿದೆ ಬಂದ ಮೇಲೆ ಆ ಕಟ್ಟಳೆ ಹೋಯಿತು. ಅಲ್ಲಿಯವರೆಗೆ ತರಗತಿಯಲ್ಲಿ ಉಳಿದ ಹೆಂಗಸರು ಹೆಚ್ಚಾಗಿ ಮಿಸ್ಸುಗಳೇ. ಗಂಡ ಬೇಕೋ, ಕರಿಹಲಗೆ ಬೇಕೋ ಎಂದು ಕೇಳಿಸಿಕೊಂಡವರು ಅವರು. ಮೇಷ್ಟ್ರನ್ನು ಯಾರೂ ಹಾಗೆ ಕೇಳಲಿಲ್ಲ. ಕಟ್ಟಳೆ ಹೋಯಿತು, ಕರೆಯುವ ರೂಢಿ ಉಳಿಯಿತು. ಇಂಗ್ಲಿಷ್ ಶಾಲೆಗಳ ಜೊತೆ ಅದು ನಮ್ಮಲ್ಲಿಗೂ ಬಂತು.

ನಮ್ಮವರ ಕೈಯಲ್ಲಿ ಈ ಮಾತುಗಳು ಏನಾದವು ಎಂಬುದಕ್ಕೆ ಸಿನಿಮಾಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. 1958ರಲ್ಲಿ ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಬಂತು. 1965ರಲ್ಲಿ ಎಂ.ಆರ್. ವಿಠ್ಠಲ್ ನಿರ್ದೇಶಿಸಿ ಜಯಂತಿ ಅಭಿನಯಿಸಿದ ‘ಮಿಸ್ ಲೀಲಾವತಿ’ ಬಂತು. ಹೆಸರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮಾಸ್ಟರ್ ಎಂದ ಕೂಡಲೇ ಅವನ ಕೆಲಸ ತಿಳಿಯುತ್ತದೆ. ಬಾಳೆಲ್ಲ ಪಾಠ ಹೇಳಿ, ಮುಪ್ಪಿನಲ್ಲಿ ಹೆತ್ತ ಮಕ್ಕಳಿಗೇ ಬೇಡವಾದಾಗಲೂ ಅವನು ಮಾಸ್ಟರೇ. ಹಳೆಯ ವಿದ್ಯಾರ್ಥಿ ಕೈಹಿಡಿಯುವುದೂ ಅದಕ್ಕಾಗಿಯೇ. ಮಿಸ್ ಲೀಲಾವತಿ ಎಂದರೆ ಅವಳು ಏನು ಮಾಡುತ್ತಾಳೆ ಎಂಬುದು ತಿಳಿಯುವುದಿಲ್ಲ. ಅವಳಿಗೆ ಮದುವೆಯಾಗಿಲ್ಲ, ಹೊಸ ಕಾಲದವಳು ಎಂಬುದಷ್ಟೇ ತಿಳಿಯುತ್ತದೆ. ಜಯಂತಿಯವರು ಎಷ್ಟೇ ಧೈರ್ಯವಾಗಿ ಆ ಪಾತ್ರ ಮಾಡಿರಲಿ, ಹೆಸರಿನ ಮುಂದಿನ ಮಾತು ನೋಡುವವರಿಗೆ ಮೊದಲೇ ಕಣ್ಣು ಮಿಟುಕಿಸಿಬಿಡುತ್ತದೆ. ಬಾಲನಟರ ವಿಷಯದಲ್ಲೂ ಇದೇ ಪಂಕ್ತಿಭೇದ. ಹುಡುಗನಾದರೆ ಮಾಸ್ಟರ್ ಲೋಹಿತ್, ಹುಡುಗಿಯಾದರೆ ಬೇಬಿ ಶಾಮಿಲಿ. ಒಬ್ಬ ಹಲ್ಲು ಬೀಳುವ ಮೊದಲೇ ಯಜಮಾನ, ಇನ್ನೊಬ್ಬಳು ಕೂಸು.

1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ ನಡೆದದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ಮಹಿಳಾ ಸಂಘಟನೆಗಳು ಬೀದಿಗಿಳಿದವು, ರೈತಸಂಘವೂ ವಿರೋಧಿಸಿತು. ಈಜುಡುಗೆಯ ಭಾಗವನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಗ್ರೀಸ್ ದೇಶದ ಐರಿನ್ ಸ್ಕ್ಲಿವಾ ಗೆದ್ದಳು. ಹೆಣ್ಣಿನ ಮೈ ಸರಕಾಗಬಾರದು ಎಂಬ ವಾದ, ನಮ್ಮ ಸಂಸ್ಕೃತಿ ಕೆಡುತ್ತದೆ ಎಂಬ ವಾದ ಎರಡೂ ಜೋರಾಗಿ ನಡೆದವು. ಆ ಗದ್ದಲದಲ್ಲಿ ‘ಮಿಸ್’ ಎಂಬ ಮಾತಿನ ಕಡೆ ಅಷ್ಟಾಗಿ ಯಾರ ಕಣ್ಣೂ ಬೀಳಲಿಲ್ಲ. ಮದುವೆಯಾದ ಕೂಡಲೇ ಚೆಲುವು ಲೆಕ್ಕಕ್ಕಿಲ್ಲ ಎಂಬ ತೀರ್ಪು ಆ ಒಂದು ಮಾತಿನೊಳಗೇ ಇತ್ತು. ಮಿಸ್ ಯೂನಿವರ್ಸ್ ಸ್ಪರ್ಧೆಯವರು 2023ರಿಂದ ಮದುವೆಯಾದವರಿಗೂ ತಾಯಂದಿರಿಗೂ ಬಾಗಿಲು ತೆರೆದಿದ್ದಾರೆ. ಹೆಸರು ಮಾತ್ರ ಮಿಸ್ ಎಂದೇ ಉಳಿದಿದೆ.

ಇದೆಲ್ಲ ಬರಿಯ ಶಬ್ದದ ಜಗ್ಗಾಟವಲ್ಲವೇ, ಇದರಿಂದ ಯಾರಿಗೆ ಏನಾಗಬೇಕು ಎಂದು ಕೆಲವರು ಕೇಳಬಹುದು. ಒಂದು ತರಬೇತಿ ಶಿಬಿರದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವರು ನನ್ನ ಮುಂದೆ ನಿಂತಿದ್ದ ಗೆಳತಿಯನ್ನು “ಮಿಸ್ಸೋ, ಮಿಸೆಸ್ಸೋ?” ಎಂದು ಕೇಳಿದರು. ಆಕೆಯ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆಕೆ ಸುಮ್ಮನೆ ನಿಂತರು. ಬರೆಯುವವರು ತಲೆಯೆತ್ತಿ ಮುಖ ನೋಡಿದರು, ಹಣೆ ನೋಡಿದರು, ಕೊರಳು ನೋಡಿದರು. ಆಗ ಆಕೆ, “ಸಹಶಿಕ್ಷಕಿ ಅಂತ ಬರ್ಕೊಳ್ಳಿ ಸಾರ್, ಪಾಠ ಮಾಡೋದು ಕಲಿಯೋಕೆ ಬಂದಿದೀನಿ” ಎಂದರು. ಹಿಂದೆ ಸಾಲಿನಲ್ಲಿದ್ದ ಗಂಡಸರಲ್ಲಿ ವಿಧುರರೂ ಇದ್ದರು, ಹೆಂಡತಿಯನ್ನು ಬಿಟ್ಟವರೂ ಇದ್ದರು. ಅವರೆಲ್ಲ ಒಂದೇ ‘ಶ್ರೀ’ಯ ಕೊಡೆಯ ಕೆಳಗೆ ಒದ್ದೆಯಾಗದೆ ದಾಟಿ ಹೋದರು. ಶಬ್ದದಿಂದ ಏನಾಗುತ್ತದೆ ಎಂದರೆ ಇದಾಗುತ್ತದೆ.

ಇಂಗ್ಲಿಷನ್ನು ಮಾತ್ರ ದೂರಿ ನಾವು ಬಚಾವಾಗುವಂತಿಲ್ಲ. ‘ಶ್ರೀಮತಿ’ ಎಂದರೆ ಶ್ರೀಯುಳ್ಳವಳು, ಅಷ್ಟೇ. ಆ ಮಾತಿನೊಳಗೆ ಗಂಡ ಎಲ್ಲಿಯೂ ಇಲ್ಲ. ಅದನ್ನು ಮಿಸೆಸ್ಸಿಗೆ ಒಗ್ಗಿಸಿ, ಮಿಸ್ಸಿಗೆ ‘ಕುಮಾರಿ’ಯನ್ನು ಜೋಡಿಸಿದವರು ನಾವೇ. ಐವತ್ತು ದಾಟಿದ ಹೆಂಗಸನ್ನು ವೇದಿಕೆಯ ಮೇಲೆ ‘ಕುಮಾರಿ’ ಎಂದು ಕರೆದಾಗ ಸಭೆಯಲ್ಲಿ ಮುಸಿಮುಸಿ ನಗು ಏಳುವುದನ್ನು ನಾನು ಕೇಳಿದ್ದೇನೆ. ಆದರೆ ಸಂಸ್ಕೃತದ ಹಳೆಯ ವ್ಯಾಕರಣಕಾರರು ಈ ವಿಷಯದಲ್ಲಿ ಎಚ್ಚರವಾಗಿದ್ದರು. ಆಚಾರ್ಯನ ಹೆಂಡತಿ ‘ಆಚಾರ್ಯಾನೀ’. ತಾನೇ ಕಲಿಸುವವಳು ‘ಆಚಾರ್ಯಾ’. ಗಂಡನ ಕೆಲಸದಿಂದ ಬಂದ ಹೆಸರು ಬೇರೆ, ತನ್ನ ಕೆಲಸದಿಂದ ಬಂದ ಹೆಸರು ಬೇರೆ. ನಮ್ಮ ಹಳ್ಳಿಗಳಲ್ಲಿ ಗೌಡ್ರಮ್ಮ ಎಂದರೆ ಗೌಡರ ಹೆಂಡತಿ. ಟೀಚರಮ್ಮ ಎಂದರೆ ಟೀಚರ ಹೆಂಡತಿಯಲ್ಲ, ಟೀಚರೇ. ಓದದ ಮುದುಕಿಗೂ ಈ ವ್ಯತ್ಯಾಸ ಗೊತ್ತು.

ಇಂಗ್ಲಿಷಿನವರೂ ದಾರಿ ಹುಡುಕದೆ ಇರಲಿಲ್ಲ. ಮದುವೆಯ ಸುದ್ದಿಯೆತ್ತದೆ ಹೆಂಗಸನ್ನು ಕರೆಯಲು ‘ಮಿಜ್’ ಎಂಬ ಹೊಸ ಮಾತನ್ನು 1901ರಲ್ಲೇ ಅಮೆರಿಕದ ಮ್ಯಾಸಚುಸೆಟ್ಸಿನ ಪತ್ರಿಕೆಯೊಂದು ಸೂಚಿಸಿತ್ತು. ಅದು ಚಲಾವಣೆಗೆ ಬರಲು ಎಪ್ಪತ್ತು ವರ್ಷ ಬೇಕಾಯಿತು. 1972ರಲ್ಲಿ ಗ್ಲೋರಿಯಾ ಸ್ಟೈನೆಮ್ ಮತ್ತು ಗೆಳತಿಯರು ಅದೇ ಹೆಸರಿನ ಪತ್ರಿಕೆಯನ್ನು ಕ್ರಮವಾಗಿ ಹೊರಡಿಸಿದರು. ಅಲ್ಲಿನ ಸರ್ಕಾರದ ಮುದ್ರಣ ಕಚೇರಿಯೂ ಆ ವರ್ಷವೇ ಅದನ್ನು ಒಪ್ಪಿತು.

ಅವರು ಎಪ್ಪತ್ತು ವರ್ಷ ಹುಡುಕಿದ್ದು ಕನ್ನಡದಲ್ಲಿ ಮೊದಲಿನಿಂದಲೂ ಇದೆ. ‘ಅವರು’ ಎಂಬುದೇ ಆ ಮಾತು. ಹೆಸರಿನ ಹಿಂದೆ ಅದು ಬಂದು ನಿಂತರೆ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಮದುವೆಯಾಗಿದೆಯೋ, ಮುರಿದಿದೆಯೋ, ಗಂಡ ಇದ್ದಾನೋ ಹೋದನೋ ಎಂದು ಹಣೆ ನೋಡುವುದಿಲ್ಲ. ಮರ್ಯಾದೆ ಕೊಡುತ್ತದೆ, ಸುಮ್ಮನಾಗುತ್ತದೆ. ಉತ್ತರ ಕನ್ನಡದ ಕಡೆಯ ಮಕ್ಕಳು ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ. ಅಕ್ಕನೂ ಆಯಿತು, ಅವರೂ ಆಯಿತು. ನಮ್ಮ ಸೀಮೆಯ ತಾಯಂದಿರು ಶಾಲೆಯ ಗೇಟಿನಲ್ಲಿ ನಿಂತು, “ನಮ್ಮೈದ ಹೆಂಗ್ ಓದ್ತಾನೆ ಮೇಡಮ್ಮೋರೆ?” ಎನ್ನುವಾಗಲೂ ಮೇಡಮ್ಮಿನ ಬಾಲಕ್ಕೆ ಅದೇ ‘ಅವರು’ ಅಂಟಿಕೊಂಡಿರುತ್ತದೆ. ಮಾಸ್ಟರ್ ಎಂಬ ಪರದೇಶಿಯನ್ನು ‘ಮೇಷ್ಟ್ರು’ ಮಾಡಿ ಮನೆಯವನನ್ನಾಗಿಸಿದ್ದೂ ಇದೇ ಗೌರವದ ‘ರು’.

ಹಾಗೆಂದು ಮಕ್ಕಳ ಬಾಯಿಂದ ‘ಮಿಸ್’ ಕಿತ್ತು ಹಾಕಬೇಕು ಎಂದು ನಾನು ಹೇಳುತ್ತಿಲ್ಲ. ಆ ಮಕ್ಕಳಿಗೆ ಮಿಸ್ ಎಂದರೆ ಮದುವೆಯಾಗದವಳೂ ಅಲ್ಲ, ಕಿರೀಟ ತೊಟ್ಟವಳೂ ಅಲ್ಲ. ಲೆಕ್ಕ ಹೇಳಿಕೊಡುವವರು, ಬಿದ್ದರೆ ಎತ್ತುವವರು, ನೋಟ್ಸಿಗೆ ಸಹಿ ಹಾಕುವವರು. ಮಾತನ್ನು ತೊಳೆದು ಮೂಲದ ಅರ್ಥಕ್ಕೆ, ಕಲಿಸುವವಳು ಎಂಬಲ್ಲಿಗೆ, ಮಕ್ಕಳೇ ತಂದು ಮುಟ್ಟಿಸಿದ್ದಾರೆ. ನನ್ನ ತಕರಾರು ದೊಡ್ಡವರ ಜೊತೆ. ಅರ್ಜಿ ಅಚ್ಚು ಹಾಕಿಸುವವರು, ಆಹ್ವಾನಪತ್ರಿಕೆ ಬರೆಯುವವರು, ಮೈಕು ಹಿಡಿದು ಹೆಸರು ಕೂಗುವವರು ದಯವಿಟ್ಟು ಇಷ್ಟು ಮಾಡಲಿ: ಹೆಸರು ಹೇಳಲಿ, ಕೆಲಸ ಹೇಳಲಿ, ಕೊನೆಗೆ ಒಂದು ‘ಅವರು’ ಸೇರಿಸಲಿ. ಅದಕ್ಕೆ ಕಾಯಿದೆ ಬೇಡ, ಚಳವಳಿ ಬೇಡ, ಹೊಸ ಶಬ್ದವೂ ಬೇಡ. ಇನ್ನು ಮುಂದೆ ಯಾರಾದರೂ ನಿಮ್ಮನ್ನು ಮಿಸ್ಸೋ ಮಿಸೆಸ್ಸೋ ಎಂದು ಕೇಳಿದರೆ, ನನ್ನ ಗೆಳತಿಯ ಹಾಗೆ ನೀವೂ ನಿಮ್ಮ ಕೆಲಸದ ಹೆಸರನ್ನೇ ಹೇಳಿ ನೋಡಿ. ಮನೆಯಲ್ಲೇ ದುಡಿಯುವವರಾದರೆ ಅದನ್ನೂ ತಲೆಯೆತ್ತಿ ಹೇಳಿ. ಅದೂ ಕೆಲಸವೇ.