ಮತಕ್ಕೆ ಹಾಕಿದ ಕಾಂಕ್ರೀಟು

ಕಾಂಕ್ರೀಟ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬ್‌ನ ಕಾಂಕ್ರೀಟ್ ವಿನ್ಯಾಸದ ಮಾದರಿ ಸಂಹಿತೆ ‘ಮಾಡೆಲ್ ಕೋಡ್’ ಮೇಲೆ ನಮ್ಮವರಿಗಿರುವ ಭಕ್ತಿ ಅಪಾರ. ಆದರೆ ಅದಕ್ಕೆ ಅಧಿಕಾರ ತಂದುಕೊಡುವ ನಿಯಮಗಳನ್ನು ಓದುವ ವ್ಯವಧಾನ ಯಾರಿಗೂ ಇದ್ದಂತಿಲ್ಲ.  ನನ್ನ ತಕರಾರು ಫಿಬ್‌ನ ಬುಲೆಟಿನ್‌ಗಳ ಮೊದಲ ಪುಟಗಳಲ್ಲಿ ಅಚ್ಚಾಗುವ ಪುಟ್ಟ ಕೋಷ್ಟಕವೊಂದರ ಜೊತೆಗೆ.

ಆ ಕೋಷ್ಟಕದ ಪ್ರಕಾರ ತಾಂತ್ರಿಕ ವರದಿಗೆ ಕಾರ್ಯತಂಡ ಮತ್ತು ಆಯೋಗದ ಅಧ್ಯಕ್ಷರು ಒಪ್ಪಿದರೆ ಸಾಕು. ಒಂದು ವಿಷಯದಲ್ಲಿ ಈವರೆಗೆ ತಿಳಿದದ್ದನ್ನೆಲ್ಲ ಒಟ್ಟುಮಾಡುವ ವರದಿಗೆ ಆಯೋಗವೇ ಒಪ್ಪಬೇಕು. ಕೈಪಿಡಿ, ಶಿಫಾರಸುಗಳಿಗೆ ತಾಂತ್ರಿಕ ಮಂಡಳಿ. ಮಾಡೆಲ್ ಕೋಡಿಗೆ ಮಹಾಸಭೆ. ಈ ಮೆಟ್ಟಿಲು ಹತ್ತದ್ದು ಕರಡೆಂದೇ ಹೊರಬರಬೇಕು. ಕೈಯಲ್ಲಿರುವ ಪುಸ್ತಕದ ಹಿಂದೆ ಯಾರಿದ್ದಾರೆಂದು ಓದುಗನಿಗೆ ನಾಲ್ಕೇ ಸಾಲಲ್ಲಿ ತಿಳಿಸುವ ಬರಹ ಇದು. ಇಷ್ಟು ಬಿಗಿಯಾದ ಗದ್ಯ ಸಂಘಸಂಸ್ಥೆಗಳಲ್ಲಿ ಅಪರೂಪ.

‘ವಿಜ್ಞಾನವನ್ನೂ ಮತಕ್ಕೆ ಹಾಕುವುದೇ?’ ಎಂದು ಮೂಗುಮುರಿಯುವ ಪಂಡಿತರಿದ್ದಾರೆ. ಅವರು ತಮ್ಮ ಮೇಜಿನ ಮೇಲಿನ ಭಾರತೀಯ ಕಾಂಕ್ರೀಟ್ ಸಂಹಿತೆ ಐಎಸ್ 456 ತೆರೆದು ನೋಡಲಿ. ಕಾಂಕ್ರೀಟಿಗೆ 1.5, ಉಕ್ಕಿಗೆ 1.15 ಎಂಬ ಸುರಕ್ಷತಾ ಗುಣಕಗಳು ಯಾವ ಪ್ರಯೋಗಾಲಯದಲ್ಲೂ ಸಿಕ್ಕಿದವಲ್ಲ. ಕಾಂಕ್ರೀಟಿನ ಬಲ ಎಷ್ಟು ಏರುಪೇರಾಗುತ್ತದೆಂದು ಪ್ರಯೋಗ ಹೇಳೀತು. ಎಷ್ಟು ಅಪಾಯವನ್ನು ಸಹಿಸಬಹುದೆಂದು ಮನುಷ್ಯರೇ ಕೂತು ತೀರ್ಮಾನಿಸಬೇಕು. ಅದಕ್ಕೆ ಮತ ಹಾಕದೆ ಇನ್ನೇನು ಮಾಡಬೇಕಿತ್ತು? ಪಂಚಾಂಗ ನೋಡಬೇಕಿತ್ತೆ?

ಆದರೆ ಉಕ್ಕಿನ ರಿಂಗು ಕಟ್ಟದ ಕಾಂಕ್ರೀಟ್ ಸ್ಲ್ಯಾಬು ಎಷ್ಟು ಶಿಯರ್, ಅಂದರೆ ಕತ್ತರಿಸುವ ಬಲ, ತಡೆಯುತ್ತದೆ ಎಂಬ ಪ್ರಶ್ನೆಯ ಜಾತಿಯೇ ಬೇರೆ. ಉತ್ತರ ಸ್ಲ್ಯಾಬಿನಲ್ಲಿದೆ, ಸಭೆಯಲ್ಲಲ್ಲ. 2010ರ ಮಾಡೆಲ್ ಕೋಡ್ ಶಿಯರಿಗೆ ಹಂತಹಂತವಾಗಿ ನಿಖರವಾಗುವ ಸೂತ್ರಗಳನ್ನು ಕೊಟ್ಟಿತು. ಶಿಯರ್ ಕುರಿತ ವಿದ್ವಾಂಸರ ಜಗಳ ಅದರಿಂದ ಮುಗಿಯಲಿಲ್ಲ. ಆ ಕೋಡಿಗೆ ಒಪ್ಪಿಗೆ ಕೊಡುವ ಮಹಾಸಭೆಯಲ್ಲಿ ಕೂರುವುದು ದೇಶದೇಶಗಳ ನಿಯೋಗಗಳು. ಮೆಟ್ಟಿಲೇರಿದಂತೆ ಒಪ್ಪುವವರು ಹೆಚ್ಚುತ್ತಾರೆ, ಆ ಒಂದು ವಿಷಯವನ್ನು ಅರೆದು ಕುಡಿದವರ ಪಾಲು ಕುಗ್ಗುತ್ತದೆ. ತೀರ್ಮಾನಿಸಿದ ಗುಣಕಕ್ಕೂ ಪರೀಕ್ಷಿಸಿ ಕಂಡ ಸೂತ್ರಕ್ಕೂ ಕೋಷ್ಟಕ ಒಂದೇ ಮುದ್ರೆ ಒತ್ತುತ್ತದೆ. ನನಗೆ ಕಾಣುವ ದೊಡ್ಡ ದೋಷ ಇದು.

ಬುಲೆಟಿನ್‌ಗಳಲ್ಲಿ ಇನ್ನೊಂದು ವಾಕ್ಯವೂ ಇರುತ್ತದೆ: ಮಾಹಿತಿ ಸರಿಯಿರಲೆಂದು ಶ್ರಮಿಸಿದ್ದೇವೆ, ಆದರೆ ನಿರ್ಲಕ್ಷ್ಯವೂ ಸೇರಿದಂತೆ ಯಾವ ಹೊಣೆಯೂ ನಮ್ಮದಲ್ಲ ಎಂಬರ್ಥದ್ದು. ವಕೀಲರ ಮಾತು, ಇರಲಿ. ಆದರೆ ಒಪ್ಪಿಗೆಗೆ ಇಷ್ಟು ಮೆಟ್ಟಿಲು ಕಟ್ಟಿದವರು ಹೊಣೆಗೆ ಒಂದನ್ನೂ ಕಟ್ಟಲಿಲ್ಲ.

ಇದು ಫಿಬ್ ಕಚೇರಿಯಿರುವ ದೂರದ ಲೌಸಾನ್‌ನ ಮನೆವಾರ್ತೆಯಲ್ಲ. ಫಿಬ್‌ನ ಪೂರ್ವಜ ಸಂಸ್ಥೆಗಳ 1990ರ ಮಾಡೆಲ್ ಕೋಡ್, ಯೂರೋಪಿನ ಕಾಂಕ್ರೀಟ್ ಸಂಹಿತೆಯಾದ ಯೂರೋಕೋಡ್ 2ಕ್ಕೆ ಆಧಾರವಾಯಿತು. ಯೂರೋಕೋಡಿನ ಜಾಡು ಹಿಡಿದು 2011ರಲ್ಲಿ ನಮ್ಮ ಸೇತುವೆ ಸಂಹಿತೆ ಐಆರ್‌ಸಿ 112 ಬಂತು. ನಮ್ಮ ಕಾಂಕ್ರೀಟ್ ರಸ್ತೆ ಸೇತುವೆಗಳ ಲೆಕ್ಕ ನಡೆಯುವುದು ಅದರಂತೆ. ಹಾಗಾಗಿ ಕೇಳುವ ಹಕ್ಕು ನಮಗೂ ಇದೆ. ಕೋಷ್ಟಕಕ್ಕೆ ಇನ್ನೊಂದು ಸಾಲು ಸೇರಲಿ: ಯಾವ ಕಲಮಿಗೆ ಯಾರು ಒಪ್ಪಲಿಲ್ಲ, ಏಕೆ ಒಪ್ಪಲಿಲ್ಲ ಎಂಬುದು ಕೋಡಿನ ಜೊತೆಗೇ ಅಚ್ಚಾಗಬೇಕು.